ವಾಪಸ್ ಹೋದ ವೀಳ್ಯ

ಚನ್ನಗಿರಿಯ ಮಂಡಿಯಲ್ಲಿ ಅಡಿಕೆ ಚೀಲವನ್ನು ತೂಕಕ್ಕೆ ಇಡುವ ಮೊದಲು ಅದರಿಂದ ಒಂದು ಹಿಡಿ ಅಡಿಕೆ ತೆಗೆದು ಪಕ್ಕದ ತಗಡಿನ ಡಬ್ಬಕ್ಕೆ ಹಾಕುತ್ತಿದ್ದರು. ಅದು ಊರಿನ ಪಾಲು. ಡಬ್ಬ ತುಂಬಿದಾಗ ಅದನ್ನೂ ಮಾರಿ, ಬಂದದ್ದನ್ನು ಒಂದು ಟ್ರಸ್ಟಿಗೆ ಜಮಾ ಮಾಡುತ್ತಿದ್ದರು. ಟ್ರಸ್ಟಿಗೆ ಬೋರ್ಡಿನ ಮೇಲೆ ಉದ್ದನೆಯ ಹೆಸರೊಂದಿತ್ತು. ಆ ಹೆಸರನ್ನು ಪೂರ್ತಿ ಹೇಳಿದವರನ್ನು ನಾನು ನೋಡಿಲ್ಲ. ಊರಿಗೆಲ್ಲ ಅದು ಹಿಡಿ ಫಂಡು.

ಎಪ್ಪತ್ತರ ದಶಕದಲ್ಲಿ ಈ ಹಿಡಿ ಫಂಡು ಮುಟ್ಟದ ಓಣಿ ನಮ್ಮಲ್ಲಿರಲಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ ಹೊಲಿಗೆ ಮಿಷನ್ನು, ಅಡಿಕೆ ಸುಲಿಯುವಾಗ ಕೈ ಕೊಯ್ದುಕೊಂಡವರಿಗೆ ಔಷಧಿ, ಹೈಸ್ಕೂಲು ಮಕ್ಕಳಿಗೆ ಫೀಸು, ಪಾಸಾಗಿ ಮುಂದೆ ಓದುವವರಿಗೆ ದಾವಣಗೆರೆಯಲ್ಲಿ ಹಾಸ್ಟೆಲ್ಲು. ವರ್ಷಕ್ಕೊಂದು ನಾಟಕವೂ ಅದರದ್ದೇ. ಯಾವುದಾದರೂ ಹಳ್ಳಿಗೆ ನಾಟಕದ ಮಾಸ್ತರನ್ನು ಕಳಿಸಿ, ಅಲ್ಲಿನ ಹುಡುಗರಿಗೆ ತಿಂಗಳುಗಟ್ಟಲೆ ಕಲಿಸಿ, ಆಡಿಸಿ, ಟಿಕೀಟಿನ ದುಡ್ಡಲ್ಲಿ ಆ ಊರಿಗೇ ಒಂದು ಶಾಲೆ ಕೋಣೆ ಕಟ್ಟಿಸುತ್ತಿದ್ದರು. ಸಣ್ಣ ಬೆಳೆಗಾರರು ಗೊಣಗುತ್ತಲೂ ಇದ್ದರು. "ನಮ್ಮ ಚೀಲದ್ದು ತೆಗದು ಸಾವ್ಕಾರ್ರು ಹೆಸರು ಮಾಡ್ಕಂತಾರೆ" ಎನ್ನುತ್ತಿದ್ದರು. ಅದೇನೂ ಸುಳ್ಳಲ್ಲ. ಹಾಗೆ ಗೊಣಗಿದವರ ಮಕ್ಕಳೂ ಅದೇ ಫಂಡಿನಲ್ಲಿ ಓದಿದ್ದು ಕೂಡ ಸುಳ್ಳಲ್ಲ.

ಕೊಡುವುದಕ್ಕೆ ಒಂದು ಕ್ರಮವಿತ್ತು. ಟ್ರಸ್ಟಿನ ಹಿರಿಯರಿಬ್ಬರು ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮನೆಗೆ ಬರುತ್ತಿದ್ದರು. ಅದನ್ನು ವೀಳ್ಯ ಅನ್ನುತ್ತಿದ್ದೆವು. ತಟ್ಟೆಯಲ್ಲಿ ಬೇರೇನೂ ಇರುತ್ತಿರಲಿಲ್ಲ. ನೆರವು ಕೊಡುವುದಕ್ಕೂ ನಾಟಕದ ಮಾಸ್ತರನ್ನು ಕರೆಯುವುದಕ್ಕೂ ಅದೊಂದೇ ವೀಳ್ಯ. ಇದು ಯಾತಕ್ಕೆ ಅಂತ ಅವರು ಹೇಳುವಂತಿಲ್ಲ, ಪಡೆದವರು ಕೇಳುವಂತಿಲ್ಲ. ಹೊಸ್ತಿಲಲ್ಲಿ ನಿಂತು ಇಂಥದ್ದಕ್ಕೆ ಅಂದರೆ ಪಕ್ಕದ ಮನೆಗೆ ಕೇಳಿಸುತ್ತದೆ, ಪಡೆದವರು ತಲೆ ತಗ್ಗಿಸಬೇಕಾಗುತ್ತದೆ ಅಂತ ಹಿಂದಿನವರು ಯಾರೋ ಯೋಚಿಸಿ ಮಾಡಿದ್ದ ಕಟ್ಟಳೆ. ಕೇಳದಿದ್ದರೂ ಗೊತ್ತಾಗುತ್ತಿತ್ತು. ಯಾವ ಮನೆಗೆ ಏನು ಬೇಕು ಅನ್ನುವುದು ಆ ಮನೆಯವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ವೀಳ್ಯ ಯಾರಿಗೆ ಬಂತೋ ಅವರು ಎಲೆ ಬಾಡುವುದರೊಳಗೆ ಅದನ್ನು ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಒಪ್ಪಿದ ಹಾಗೆ. ಇನ್ನೊಂದು ಕಟ್ಟಳೆ, ಒಂದು ಹೊಸ್ತಿಲಿಗೆ ಒಂದೇ ವೀಳ್ಯ. ಆ ಕೆಲಸ ಮುಗಿಯುವವರೆಗೆ ಆ ಮನೆಗೆ ಮತ್ತೊಂದು ಬರುವುದಿಲ್ಲ. ಬಂದ ವೀಳ್ಯವನ್ನು ವಾಪಸ್ ಕಳಿಸಬಾರದು ಅಂತ ಮಾತ್ರ ಯಾರೂ ಕಟ್ಟಳೆ ಮಾಡಿರಲಿಲ್ಲ. ಕಳಿಸುವವರೂ ಹುಟ್ಟಿಯಾರು ಅಂತ ಯಾರಿಗೂ ಹೊಳೆದಿರಲಿಲ್ಲ.

ನಮ್ಮಪ್ಪ ಪೇಟಿ ಮಾಸ್ತರು. ಹಾರ್ಮೋನಿಯಂಗೆ ನಾವು ಪೇಟಿ ಅಂತಲೇ ಅನ್ನುವುದು. ಕೆರೆಬಿಳಚಿ, ಸವಳಂಗ, ನ್ಯಾಮತಿ ಸುತ್ತಿನ ಹಳ್ಳಿಗಳಲ್ಲಿ ನಾಲಿಗೆ ಹೊರಳದ ಹುಡುಗರಿಗೆ ಪದ್ಯ ಕಲಿಸಿ, ರಾಜರನ್ನೂ ಮಂತ್ರಿಗಳನ್ನೂ ಮಾಡಿ ನಿಲ್ಲಿಸಿದವನು. ದಾರಿಯಲ್ಲಿ ಸಿಕ್ಕ ಗಾಡಿ ಹೊಡೆಯುವವರು ಎತ್ತು ನಿಲ್ಲಿಸಿ "ಮಾಸ್ತರ್ರೇ, ಈ ಸಲ ಎಲ್ಲಿ?" ಅಂತ ಕೇಳುತ್ತಿದ್ದ ಕಾಲ ನನಗೆ ನೆನಪಿದೆ. ಆಮೇಲೆ ಹಳ್ಳಿ ಹಳ್ಳಿಗೆ ಟೂರಿಂಗ್ ಟಾಕೀಸಿನ ಡೇರೆ ಬಂತು. ಮಾಸ್ತರನ್ನು ಇಟ್ಟುಕೊಂಡು ಊಟ ಹಾಕಿ ಕಲಿಯುವ ತಾಳ್ಮೆ ಹುಡುಗರಿಗೆ ಹೋಯಿತು. ಅಪ್ಪ ಬಟ್ಟೆ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಹರಿದು ಕೊಡುವ ಕೆಲಸಕ್ಕೆ ಸೇರಿದ. ಸಂಜೆ ಮನೆಗೆ ಬಂದರೆ ಪೇಟಿಯ ಮುಂದೆ ಕೂರುತ್ತಿದ್ದ. ಕೇಳುವವರು ಅಂದರೆ ನಾನು, ಅವ್ವ ಮತ್ತು ಒಲೆಯ ಮೇಲಿನ ಸಾರು.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ವರ್ಷ ಅದು. ದಾವಣಗೆರೆಯಲ್ಲಿ ಟಿ.ಸಿ.ಎಚ್. ಮಾಡಿ ಟೀಚರಾಗಬೇಕು ಅನ್ನುವುದು ನನ್ನ ಹಟ. ಬಟ್ಟೆ ಅಳೆಯುವವನ ಮನೆಯಿಂದ ಹಾಸ್ಟೆಲ್ಲಿಗೆ ಹೋಗುವುದು ಆಗದ ಮಾತು. ನಮ್ಮ ಹೈಸ್ಕೂಲಿನ ಹೆಡ್ಮಾಸ್ತರರೇ ನನ್ನ ಹೆಸರನ್ನು ಹಿಡಿ ಫಂಡಿನವರಿಗೆ ಹೇಳಿದ್ದರು. ಮನೆಯಲ್ಲಿ ನಾವು ಅದಕ್ಕೇ ಕಾದು ಕೂತಿದ್ದೆವು. ಸಿಗದಿದ್ದರೆ ಏನಾಗುತ್ತಿತ್ತು ಅನ್ನುವುದೂ ಗೊತ್ತಿತ್ತು. ಹೊನ್ನಾಳಿಯ ಒಂದು ಮನೆಯವರು ಆಗಲೇ ಒಂದು ಸಲ ಬಂದು ನನ್ನನ್ನು ನೋಡಿ ಅವಲಕ್ಕಿ ತಿಂದು ಹೋಗಿದ್ದರು.

ವೀಳ್ಯ ಬಂದ ದಿನ ಅಪ್ಪ ಅಂಗಡಿಗೆ ಹೋಗಿದ್ದ. ಅವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಬಿಳಿ ಪಂಚೆಯ ಹಿರಿಯರಿಬ್ಬರು ತಟ್ಟೆ ಹಿಡಿದು ನಿಂತದ್ದೇ ತಡ, ಕೈ ಒರೆಸಿಕೊಂಡು ಸೆರಗು ಹೊದ್ದು ಬಂದು ಎರಡೂ ಕೈಯಲ್ಲಿ ಇಸಿದುಕೊಂಡಳು. ಅವರು ಏನೂ ಹೇಳಲಿಲ್ಲ, ಇವಳು ಕೇಳಲಿಲ್ಲ. ಅವರು ಹೋದ ಮೇಲೆ ದೇವರ ಗೂಡಿನಲ್ಲಿ ತಟ್ಟೆ ಇಟ್ಟು, ದೀಪ ಹಚ್ಚಿ, ನನ್ನ ಬಾಯಿಗೆ ಸಕ್ಕರೆ ಹಾಕಿದಳು. "ಹೋಗು, ಇನ್ನೇನು ನಿನ್ನ ಹಿಡಿಯೋರು ಯಾರು" ಅಂದಳು. ಅವಳ ಕೈಗೆ ಅಂಟಿದ್ದ ಖಾರ ಆ ಸಕ್ಕರೆಯಲ್ಲಿತ್ತು. ಕಣ್ಣಲ್ಲಿ ನೀರು ಬಂತು, ನಕ್ಕೆವು.

ಸಂಜೆ ಅಪ್ಪ ನಗುತ್ತಲೇ ಒಳಗೆ ಬಂದ. ದಾರಿಯಲ್ಲೇ ಅವನಿಗೆ ಸುದ್ದಿ ಸಿಕ್ಕಿತ್ತು. ನಮ್ಮ ಮುಖ ನೋಡಿದ, ದೇವರ ಗೂಡು ನೋಡಿದ, ನನ್ನ ಟ್ರಂಕನ್ನು ಅಟ್ಟದಿಂದ ಇಳಿಸಿ ಅವ್ವ ಒರೆಸುತ್ತಿದ್ದುದನ್ನು ನೋಡಿದ. ನಗು ಹೋಯಿತು. ಗೋಡೆಗೆ ಒರಗಿ ಕೂತ.

"ಅದು ನನಗೆ ಬಂದಿದ್ದು" ಅಂದ.

ಅವ್ವನಿಗೆ ಅರ್ಥವಾಗಲಿಲ್ಲ. ಅಪ್ಪ ಬಿಡಿಸಿ ಹೇಳಿದ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಜಗಳೂರು ಕಡೆಯಿಂದ ಸಂಸಾರಗಳು ಬರುತ್ತಿದ್ದವು. ಅವರ ಊರಿನಲ್ಲಿ ಶಾಲೆ ಮರದ ಕೆಳಗೆ ನಡೆಯುತ್ತಿತ್ತು. ನಮ್ಮೂರಿಗೂ ಒಂದು ನಾಟಕ ಕೊಡಿ, ಕೋಣೆ ಕಟ್ಟಿಕೊಳ್ಳುತ್ತೇವೆ ಅಂತ ಅವರ ಹಿರಿಯನೊಬ್ಬ ಟ್ರಸ್ಟಿನವರನ್ನು ಕೇಳಿದ್ದ. ಮಾಸ್ತರು ಯಾರು ಅಂದಾಗ ಅಪ್ಪನ ಹೆಸರನ್ನೂ ಹೇಳಿದ್ದ. ಅಪ್ಪ ಅಷ್ಟು ದೂರ ಹೋಗಿ ಆರು ತಿಂಗಳು ಇರಬೇಕು. ಇದೆಲ್ಲ ಅಪ್ಪನಿಗೆ ಮೊದಲೇ ಗೊತ್ತಿತ್ತು. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಜಗಳೂರಿನದು ನಿಮಗೇ ಬಂತು ಅಂತ ಮಂಡಿಯವನೊಬ್ಬ ಈಗ ದಾರಿಯಲ್ಲಿ ಸಿಕ್ಕಿ ಹೇಳಿದ್ದ.

"ಯಾಕೆ ಹೇಳಲಿಲ್ಲ?" ಅಂತ ಅವ್ವ ಕೇಳಿದಳು.

"ಆಗತೈತೆ ಅಂತ ಯಾರಿಗೆ ಗೊತ್ತಿತ್ತು? ಎಷ್ಟು ವರ್ಷ ಆತು ನನ್ನ ಯಾರಾದ್ರೂ ಕರದು."

ನನಗೆ ಮೂಗಿನ ತುದಿಯಲ್ಲೇ ಕೋಪ, ಈಗಲೂ. ಟ್ರಂಕಿನ ಮುಚ್ಚಳ ಬಡಿದು ಹಿತ್ತಲಿಗೆ ಹೋದೆ. ಅಪ್ಪನ ಮೇಲೆ ಸಿಟ್ಟು, ಅವ್ವನ ಮೇಲೆ ಸಿಟ್ಟು, ಯಾತಕ್ಕೆ ಅಂತ ಕೇಳಬಾರದು ಅಂದ ಆ ಹಿಂದಿನವರ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಮರ್ಯಾದೆ ಉಳಿಸುವುದಕ್ಕೆ ಮಾಡಿದ ಕಟ್ಟಳೆ ನಮ್ಮ ಮನೆಯಲ್ಲಿ ಮಾನ ಮರ್ಯಾದೆ ಎರಡನ್ನೂ ಕಳೆಯುತ್ತಿತ್ತು. ಅವ್ವ ಒಂದು ಮಾತು ಕೇಳಿದ್ದರೆ, ಆ ಹೊಸ್ತಿಲಲ್ಲೇ "ಇದು ಬೇಡ, ಮಗಳದ್ದು ತನ್ನಿ" ಅನ್ನಬಹುದಿತ್ತು. ಹಾಗೆ ಅನ್ನುತ್ತಿದ್ದಳೋ ಇಲ್ಲವೋ, ಅನ್ನುವ ದಾರಿಯಾದರೂ ಇರುತ್ತಿತ್ತು.

ಅಪ್ಪ ಆ ದಿನ ವೀಳ್ಯ ಹಾಕಿಕೊಳ್ಳಲಿಲ್ಲ. ಮಾರನೆ ದಿನವೂ ಇಲ್ಲ. "ನೋಡಾನ" ಅಂದ. ಹಾಕಿಕೊಂಡರೆ ಆ ಆರು ತಿಂಗಳು ನಮ್ಮ ಹೊಸ್ತಿಲಿಗೆ ಇನ್ನೊಂದು ವೀಳ್ಯ ಇಲ್ಲ, ನನ್ನ ಓದು ಹೋಯಿತು. ಹಾಕಿಕೊಳ್ಳದೆ ಎಲೆ ಬಾಡಿದರೆ, ಪೇಟಿ ಮಾಸ್ತರನ ಹೆಸರೂ ಅದರ ಜೊತೆ ಬಾಡಿತು. ಮನೆಯಲ್ಲಿ ಯಾರೂ ಅದನ್ನು ಆಡಲಿಲ್ಲ. ಉಪ್ಪು ಹೆಚ್ಚಾದದ್ದು, ಹಸು ಒದ್ದದ್ದು ಇಂಥದ್ದೇ ಮಾತು. ದಿನವೂ ದೇವರ ಗೂಡಿನ ಹತ್ತಿರ ಹೋದಾಗ ನಾನು ಎಲೆ ನೋಡುತ್ತಿದ್ದೆ. ಒಣಗಲಿ ಅಂತ ನನಗೆ ಆಸೆ. ಅವು ಒಣಗುತ್ತಿರಲಿಲ್ಲ. ಅವ್ವ ಒದ್ದೆ ಬಟ್ಟೆ ಹಿಂಡಿ ಅದರಲ್ಲಿ ಸುತ್ತಿಡುತ್ತಿದ್ದಳು. ಅವಳು ಯಾರ ಕಡೆ ಅಂತ ನನಗೆ ತಿಳಿಯಲಿಲ್ಲ. ಅಪ್ಪನಿಗೆ ಯೋಚಿಸಲು ಇನ್ನಷ್ಟು ಹೊತ್ತು ಸಿಗಲಿ ಅಂತ ಅವಳು ಹಾಗೆ ಮಾಡುತ್ತಿದ್ದಳು ಅಂತ ಈಗ ಅನ್ನಿಸುತ್ತದೆ.

ಆ ವಾರ ಅಪ್ಪ ಸವಳಂಗಕ್ಕೆ ಹೋದ. ಅಲ್ಲಿ ಯಾರದೋ ಮನೆಯ ಭಜನೆಗೆ ಪೇಟಿ ನುಡಿಸಬೇಕಿತ್ತು. ಹಾಸ್ಟೆಲ್ಲಿಗೆ ಸೇರುವ ದಿನ ಹತ್ತಿರ ಬಂದಿತ್ತು. ಅಪ್ಪನ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಅವ್ವ ದೇವರ ಗೂಡಿನಿಂದ ತಟ್ಟೆ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು. "ನಡಿ" ಅಂದಳು. ಮಂಡಿಯ ದಾರಿ ಹಿಡಿದಳು.

ಮಂಡಿಗೆ ಹೆಂಗಸರು ಬರುತ್ತಿರಲಿಲ್ಲ ಅಂತಲ್ಲ. ಹಿಂದಿನ ಅಂಗಳದಲ್ಲಿ ಅಡಿಕೆ ಆರಿಸುವವರೆಲ್ಲ ಹೆಂಗಸರೇ. ಆದರೆ ಮುಂಬಾಗಿಲಿನಿಂದ ಒಳಗೆ ಹೋಗಿ ಸಾಹುಕಾರರ ಗಾದಿಯ ಮುಂದೆ ನಿಂತವರನ್ನು ನಾನು ಕಂಡಿರಲಿಲ್ಲ. ಅವ್ವ ನಿಂತಳು. ಅವಳ ಹಿಂದೆ ನಾನು. ತೂಕ ಮಾಡುತ್ತಿದ್ದವರು ಕೈ ನಿಲ್ಲಿಸಿದರು.

ಟ್ರಸ್ಟಿನ ಅಧ್ಯಕ್ಷರು ವಯಸ್ಸಾದವರು, ಹಣೆ ತುಂಬ ವಿಭೂತಿ. "ಏನು ತಂಗಿ, ಖಾಲಿ ತಟ್ಟೆ ಕೊಡಾಕೆ ನೀನ್ಯಾಕೆ ಬರಾಕೆ ಹೋದೆ? ಯಾರನ್ನಾದ್ರೂ ಕಳಿಸ್ತಿದ್ದೆ" ಅಂದರು. ಅವ್ವ ಸೆರಗು ಸರಿಸಿದಳು. ಎಲೆ, ಅಡಿಕೆ ಇಟ್ಟ ಹಾಗೇ ಇದ್ದವು.

"ನಾನು ಇದನ್ನ ಮಗಳಿಗೆ ಅಂತ ತಗಂಡೆ, ಸಾವ್ಕಾರ್ರೇ."

ಅವರು ಬೆರಳಲ್ಲಿ ಎಲೆ ಮುಟ್ಟಿ ನೋಡಿದರು. "ಕೇಳಬೌದಿತ್ತಲ್ಲ ತಂಗಿ."

"ಕೇಳಬಾರದು ಅಂದೋರು ನೀವೇ ಅಲ್ರಿ."

ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ನನಗೆ ಸಿಟ್ಟು ಮಾಡಲು ಒಬ್ಬರಾದರೂ ಸಿಗುತ್ತಿದ್ದರು. ಮೆಲ್ಲಗೆ ಕೇಳಿದರು, "ಮಾಸ್ತರಿಗೆ ಗೊತ್ತೈತೇನು?"

"ಗೊತ್ತಾಗತೈತೆ" ಅಂದಳು ಅವ್ವ.

"ಹಿಂಗೆ ವಾಪಸ್ ಬಂದಿದ್ದಿಲ್ಲ ನೋಡು ಯಾವತ್ತೂ. ನಾನು ಏನೂ ಅನ್ನಲ್ಲ. ಊರಿನ ಬಾಯಿ ಮುಚ್ಚಾಕೆ ನನ್ನ ಕೈಲಿ ಆಗಲ್ಲ."

"ಊರಿನ ಬಾಯಿ ಇದ್ದದ್ದೇ. ಹುಡುಗೀದು ಒಂದು ದಾರಿ ಮಾಡ್ರಿ."

ಅವರು ತಟ್ಟೆ ಇಸಿದುಕೊಂಡರು. ಎರಡು ದಿನ ಬಿಟ್ಟು ಅದೇ ಹಿತ್ತಾಳೆ ತಟ್ಟೆಯಲ್ಲಿ ಹೊಸ ಎಲೆ ನಮ್ಮ ಮನೆಗೆ ಬಂತು. ಅದು ನನಗೆ. ಅವ್ವ ಒಂದು ಚೂರು ಎಲೆ ಮುರಿದು ನನ್ನ ಬಾಯಿಗೆ ಹಾಕಿದಳು. ಬೇಡ ಅನ್ನಲಿಲ್ಲ ನಾನು. ಖುಷಿಯೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಅದಕ್ಕೆ ಮೊದಲು ಅಪ್ಪ ಸವಳಂಗದಿಂದ ಬಂದಿದ್ದ. ಬೆಳಗಿನ ಬಸ್ಸಿಗೆ ಬಂದವನು ಪೇಟಿ ಇಳಿಸಿ ಒಳಗೆ ಹೋದ. ದೇವರ ಗೂಡಿನ ಮುಂದೆ ನಿಂತ.

"ಎಲ್ಲಿ?"

"ಕೊಟ್ಟು ಬಂದೆ" ಅಂದಳು ಅವ್ವ.

ಅವನು ಕೂಗಾಡುತ್ತಾನೆ ಅಂದುಕೊಂಡೆವು. ಕಾಲು ತೊಳೆದುಕೊಂಡು ಬಂದು ರೊಟ್ಟಿ ತಿಂದ. ಕೈ ತೊಳೆಯುವಾಗ ಹೇಳಿದ, "ಹಾಕ್ಕಂತಿದ್ನೋ ಬಿಡ್ತಿದ್ನೋ ನನಗೇ ಗೊತ್ತಿರಲಿಲ್ಲ. ಬಿಡ್ತಿದ್ನೇನೋ. ಅದನ್ನ ನಾನು ಮಾಡಬೇಕಿತ್ತು." ಅಪ್ಪ ಪೇಟಿಯ ಮೇಲೆ ಹಳೆಯ ದುಪ್ಪಟಿ ಹೊದಿಸಿದ. ಯಾರಾದರೂ ತೀರಿಹೋದರೆ ಮೇಲೆ ಬಟ್ಟೆ ಎಳೆಯುವುದಿಲ್ಲವೇ, ಹಾಗೆ ಕಂಡಿತು ನನಗೆ.

ಜಗಳೂರಿನ ನಾಟಕ ಹೊನ್ನಾಳಿ ಕಡೆಯ ಇನ್ನೊಬ್ಬ ಮಾಸ್ತರರ ಪಾಲಾಯಿತು. ವೀಳ್ಯ ವಾಪಸ್ ಕಳಿಸಿದ ಮಾಸ್ತರು ಅಂತ ಅಪ್ಪನಿಗೆ ಹೆಸರು ಬಿತ್ತು. ಊರಿಗೆ ಒಳಗಿನ ಕಥೆ ಏಕೆ ಬೇಕು? ಹಳ್ಳಿಯವರಿಗೆ ಅವನನ್ನು ಕರೆಯಲು ಭಯ. ನಾಳೆ ನಮ್ಮ ವೀಳ್ಯವನ್ನೂ ತಿರುಗಿಸಿದರೆ? ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ನಗೆಚಾಟಿಕೆ ಮಾಡಿದರು ಅಂತ ಆ ಕೆಲಸವನ್ನೂ ಬಿಟ್ಟ. ಆಗ ಅಧ್ಯಕ್ಷರು ಅವನಿಗೆ ಮಂಡಿಯಲ್ಲಿ ಒಂದು ಕೆಲಸ ಕೊಟ್ಟರು. ಚೀಲದಿಂದ ಹಿಡಿ ತೆಗೆದು ಡಬ್ಬಕ್ಕೆ ಹಾಕುವ ಕೆಲಸ. ಕರುಣೆಯಿಂದಲೇ ಕೊಟ್ಟರು. ಅಪ್ಪನದು ಪೇಟಿ ನುಡಿಸಿದ ಉದ್ದ ಬೆರಳು. "ಮಾಸ್ತರ ಕೈ ದೊಡ್ಡದು, ಬ್ಯಾರೆಯವರಾದ್ರೆ ನಮಗೆ ನಾಕು ಅಡಿಕೆ ಉಳೀತಿತ್ತು" ಅಂತ ರೈತರು ಛೇಡಿಸುತ್ತಿದ್ದರಂತೆ. ನಾನು ಹಾಸ್ಟೆಲ್ಲಿನಲ್ಲಿ ಉಂಡದ್ದು ಆ ಕೈ ತೆಗೆದ ಅಡಿಕೆಯಿಂದ. ಊಟದ ತಟ್ಟೆಯ ಮುಂದೆ ಅದು ನೆನಪಾಗುತ್ತಿತ್ತು. ಹಸಿವಾಗುತ್ತಿತ್ತು, ತಿನ್ನುತ್ತಿದ್ದೆ.

ರಜೆಗೆ ಬಂದಾಗ ನೋಡಿದರೆ ಮನೆಯಲ್ಲಿ ಜಗಳವಿರಲಿಲ್ಲ. ಜಗಳವಿದ್ದರೆ ಚೆನ್ನಾಗಿತ್ತು. ಅವ್ವನಿಗೆ ಹೊಸದೊಂದು ಅಭ್ಯಾಸ ಅಂಟಿಕೊಂಡಿತ್ತು. ಯಾರು ಏನು ಕೊಟ್ಟರೂ ಕೈ ಚಾಚುವ ಮೊದಲು "ಯಾತಕ್ಕೆ?" ಅಂತ ಕೇಳುತ್ತಿದ್ದಳು. ಮದುವೆ ಮನೆಯಲ್ಲಿ ತಾಂಬೂಲ ಕೊಟ್ಟರೂ ಯಾತಕ್ಕೆ, ಪಕ್ಕದ ಮನೆಯ ಹುಡುಗಿ ಹಬ್ಬದ ಹೋಳಿಗೆ ತಂದರೂ ಯಾತಕ್ಕೆ. ಜನ ನಗುತ್ತಿದ್ದರು. ನಾನೂ ಮೊದಮೊದಲು ನಕ್ಕೆ.

ನನಗೆ ಕೆಲಸ ಸಿಕ್ಕಿತು, ಜಗಳೂರು ತಾಲ್ಲೂಕಿನಲ್ಲೇ. ಸರ್ಕಾರ ಹಾಕಿದ ಕಡೆ ಹೋಗಬೇಕಲ್ಲ. ನಾಟಕವಾಡಿದ ಊರು ನನ್ನ ಶಾಲೆಗೆ ಹತ್ತಿರ. ಚನ್ನಗಿರಿಯವಳು ಅಂತ ತಿಳಿದ ಕೂಡಲೇ ಅಲ್ಲಿನವರು ಆ ನಾಟಕದ ಮಾತು ತೆಗೆಯುತ್ತಿದ್ದರು. "ನಿಮ್ಮ ಕಡೆಯೋರು ಕಳಿಸಿದ ಮಾಸ್ತರು, ಏನು ಪೇಟಿ ರೀ ಅದು. ಅಂಥದ್ದು ಮತ್ತೆ ಕೇಳಲಿಲ್ಲ ನಾವು" ಎನ್ನುತ್ತಿದ್ದರು. ಅದರ ದುಡ್ಡಲ್ಲಿ ಕಟ್ಟಿದ ಕೋಣೆಯನ್ನೂ ತೋರಿಸಿದರು. ಗಟ್ಟಿ ಕಲ್ಲಿನ ಒಳ್ಳೆಯ ಕೋಣೆ, ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಬೇರೆ ಮಾಸ್ತರು ಹೋಗಿದ್ದಕ್ಕೆ ಆ ಊರಿಗೆ ಯಾವ ಕೊರತೆಯೂ ಆಗಿರಲಿಲ್ಲ. ಇದನ್ನು ಅಪ್ಪನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಎಂಬತ್ತರ ದಶಕದಲ್ಲಿ ಮಾರುಕಟ್ಟೆಯ ಕಾನೂನು ಬಿಗಿಯಾಯಿತು. ರೈತನ ಚೀಲಕ್ಕೆ ಯಾರೂ ಕೈ ಹಾಕುವಂತಿಲ್ಲ ಅಂದರು. ನ್ಯಾಯವೇ. ತಗಡಿನ ಡಬ್ಬ ಮೂಲೆ ಸೇರಿತು, ಫಂಡು ಸೊರಗುತ್ತ ಬಂತು, ಅಪ್ಪನ ಕೆಲಸ ಹೋಯಿತು. ಓದಬೇಕಾಗಿದ್ದ ನನ್ನಂಥ ಎಷ್ಟು ಹುಡುಗಿಯರು ಹೊನ್ನಾಳಿಗೋ ನ್ಯಾಮತಿಗೋ ಮದುವೆಯಾಗಿ ಹೋದರೋ ಗೊತ್ತಿಲ್ಲ.

ಆ ಹೊತ್ತಿಗೆ ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ಮಾಡಬೇಕು ಅಂತಾಯಿತು. ನಾನು ರಜೆ ಹಾಕಿ ಊರಿಗೆ ಬಂದೆ. ಸಂತೆಯಲ್ಲಿ ಒಳ್ಳೆಯ ಎಲೆ ಆರಿಸಿಕೊಂಡೆ. ನಮ್ಮದೇ ಮನೆಯ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಹೊರಗೆ ಹೋಗಿ, ಹೊಸ್ತಿಲ ಆಚೆ ನಿಂತು ಅಪ್ಪನನ್ನು ಕರೆದೆ. ಅಪ್ಪ ಬಂದ. ಕಟ್ಟಳೆ ನೆನಪಿತ್ತು, ನಾನು ಏನೂ ಹೇಳಲಿಲ್ಲ. ಒಳಗಿನಿಂದ ಅವ್ವ ಹೇಳಿದಳು, "ಯಾತಕ್ಕೆ ಅಂತ ಕೇಳ್ರಿ ಮೊದಲು."

ಅಪ್ಪ ತಟ್ಟೆಯನ್ನು ಇಸಿದುಕೊಂಡ. ಎಲೆಯ ಮೇಲೆ ಹೆಬ್ಬೆರಳು ಆಡಿಸಿದ.

"ಇದು ನನಗೋ, ನಿನಗೋ?" ಅಂತ ಕೇಳಿದ.

ದಾರಿಯುದ್ದಕ್ಕೂ ನಾನು ಮಕ್ಕಳು, ಹಾಡು, ನಾಟಕ ಅಂತ ಏನೇನೋ ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ನಿನಗೆ ಅಂದರೆ ಸುಳ್ಳು, ನನ್ನ ಮನಸ್ಸು ಹಗುರಾಗಲಿ ಅಂತಲೇ ತಂದಿದ್ದೆ; ನನಗೆ ಅಂದರೆ ಅದು ವೀಳ್ಯವೇ ಅಲ್ಲ. ಅಪ್ಪ ಕಾದ. ಆಮೇಲೆ ಸಿಟ್ಟಿಲ್ಲದೆ ಒಳಗೆ ಹೋಗಿ ತಟ್ಟೆಯನ್ನು ದೇವರ ಗೂಡಿನಲ್ಲಿ ಇಟ್ಟ. "ನೋಡಾನ" ಅಂದ.

ಅವನು ಬರಲಿಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮಕ್ಕಳ ನಾಟಕ ಪೇಟಿ ಇಲ್ಲದೆಯೇ ಆಯಿತು. ನಾನೇ ತಾಳ ಹಾಕಿದೆ, ಮಕ್ಕಳು ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಹಾಡಿದರು. ಆದರೆ ಅದು ಆಮೇಲಿನ ಮಾತು. ನಾನು ಹೊರಟ ಬೆಳಿಗ್ಗೆ ಅಪ್ಪ ಇನ್ನೂ ಎದ್ದಿರಲಿಲ್ಲ. ದೇವರ ಗೂಡಿನ ಹತ್ತಿರ ಅವ್ವ ಬಟ್ಟೆ ಒದ್ದೆ ಮಾಡಿ ಹಿಂಡುತ್ತಿದ್ದಳು. ಎಲೆಗಳನ್ನು ಒಂದೊಂದಾಗಿ ಒರೆಸಿ ಅದರಲ್ಲಿ ಸುತ್ತಿದಳು.

"ಎಷ್ಟು ದಿನ ಹಿಂಗೆ ಇಟ್ಟಿರ್ತೀಯವ್ವ?" ಅಂದೆ.

"ನಿಮ್ಮಪ್ಪ ಹೇಳೋತನಕ" ಅಂದಳು. ತಟ್ಟೆಯನ್ನು ಗೂಡಿನ ಒಳಕ್ಕೆ ಸರಿಸಿದಳು. "ಈ ಸಲ ನಾನು ಎಲ್ಲಿಗೂ ತಗಂಡು ಹೋಗಲ್ಲ."